ಬಟ್ಟೆ ಕ್ಲಿಪ್ ಎತ್ತಿಕೊಡುವ ಮಗು, ಸೈಕಲ್ ಬಿಟ್ಟುಕೊಡದ ಮಗು

ಚಿಕ್ಕ ಮಕ್ಕಳ ನಡತೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಬರೆದವರಲ್ಲಿ ತಾಯಿ, ತಂದೆ, ತಾತ, ಶಿಕ್ಷಕಿ ಎಲ್ಲರೂ ಇದ್ದರೂ, ಒಳ್ಳೆಯತನವೆಂಬುದು ಮಗುವಿಗೆ ತಾನಾಗಿ ಬರುತ್ತದೆಯೇ ಅಥವಾ ನಾವು ಕಲಿಸಿದರೆ ಮಾತ್ರ ಬರುತ್ತದೆಯೇ ಎಂಬ ಆತಂಕ ಎಲ್ಲರದ್ದೂ ಆಗಿತ್ತು. ಏಳು ಪತ್ರಗಳನ್ನು ಆರಿಸಿಕೊಂಡು, ಅಗತ್ಯವಿದ್ದಲ್ಲಿ ಸಂಕ್ಷೇಪಿಸಿ, ಹೆಸರುಗಳನ್ನು ಬಿಟ್ಟು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಏಳು ತಿಂಗಳು. ನಾನು ಮನೆಯಿಂದಲೇ ಕಂಪನಿಯ ಕೆಲಸ ಮಾಡುತ್ತೇನೆ. ಬೆಳಗ್ಗೆ ಒಂಬತ್ತೂವರೆಗೆ ಮೀಟಿಂಗ್ ಶುರುವಾಗುವುದರೊಳಗೆ ಅಡುಗೆ, ಬಟ್ಟೆ ಎಲ್ಲ ಮುಗಿಯಬೇಕು. ನಾನು ಪೊರಕೆ ಹಿಡಿದರೆ ಅವನಿಗೂ ಪೊರಕೆ ಬೇಕು. ಬಕೆಟ್ಟಿನಿಂದ ಒದ್ದೆ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದು ನನ್ನ ಕೈಗೆ ಕೊಡುತ್ತಾನೆ. ಅವರೆಕಾಯಿ ಸುಲಿಯಲು ಕೂತರೆ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಾನೆ. ಸಮಯ ಉಳಿಯಲೆಂದು ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತಿದ್ದೇನೆ. ನಮ್ಮ ಅತ್ತೆಯವರು "ಮಾಡಲಿ ಬಿಡಮ್ಮ, ಕಲಿತುಕೊಳ್ಳುತ್ತಾನೆ" ಎನ್ನುತ್ತಾರೆ. ಅವನು ಮಾಡುವುದು ಬರೀ ಆಟವೋ, ನಿಜವಾದ ಸಹಾಯವೋ?
(ಒಬ್ಬ ತಾಯಿ, ರಾಜಾಜಿನಗರ)

ಉತ್ತರ: ನಿಮ್ಮ ಪ್ರಶ್ನೆಯನ್ನು ಇಬ್ಬರು ವಿಜ್ಞಾನಿಗಳು ಬಹುಮಟ್ಟಿಗೆ ಇದೇ ರೂಪದಲ್ಲಿ ಕೇಳಿಕೊಂಡಿದ್ದರು, ಅದೂ ಬಟ್ಟೆ ಒಣಹಾಕುವ ಕೆಲಸವನ್ನೇ ಮುಂದಿಟ್ಟುಕೊಂಡು. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನೆಂಟು ತಿಂಗಳ 24 ಮಕ್ಕಳಿದ್ದರು. ಮಗುವಿಗೆ ಪರಿಚಯವಿಲ್ಲದ ಒಬ್ಬ ವ್ಯಕ್ತಿ ಹಗ್ಗಕ್ಕೆ ಬಟ್ಟೆ ಹಾಕುತ್ತ ಕ್ಲಿಪ್ಪನ್ನು ಬೀಳಿಸಿಕೊಂಡು ಅದಕ್ಕಾಗಿ ಕೈಚಾಚುತ್ತಿದ್ದ. ಇನ್ನೊಮ್ಮೆ ಎರಡೂ ಕೈ ತುಂಬ ಹೊತ್ತುಕೊಂಡು ಬಂದು, ಮುಚ್ಚಿದ ಬೀರುವಿನ ಬಾಗಿಲು ತೆಗೆಯಲಾಗದೆ ನಿಲ್ಲುತ್ತಿದ್ದ. ಯಾರೂ ಮಗುವಿಗೆ "ಹೋಗು, ಸಹಾಯ ಮಾಡು" ಎಂದು ಹೇಳಲಿಲ್ಲ, ಮಾಡಿದ ಮೇಲೆ ಶಭಾಷ್ ಎನ್ನಲೂ ಇಲ್ಲ. ಆದರೂ 24ರಲ್ಲಿ 22 ಮಕ್ಕಳು ಒಮ್ಮೆಯಾದರೂ ಎದ್ದು ಹೋಗಿ ನೆರವಾದರು, ಅದೂ ಹೆಚ್ಚಿನ ಸಲ ಆತ ಮಗುವಿನ ಕಡೆ ತಿರುಗಿ ನೋಡುವ ಮೊದಲೇ. ಅದೇ ವ್ಯಕ್ತಿ ಬೇಕೆಂದೇ ಕ್ಲಿಪ್ಪನ್ನು ನೆಲಕ್ಕೆ ಎಸೆದಾಗ ಮಾತ್ರ ಮಕ್ಕಳು ಅದನ್ನು ಎತ್ತಿಕೊಡಲು ಅಷ್ಟಾಗಿ ಹೋಗಲಿಲ್ಲ. ಅದು ಬರೀ ಎತ್ತಿಕೊಡುವ ಆಟವಾಗಿದ್ದರೆ ಎರಡು ಸಂದರ್ಭಗಳಲ್ಲೂ ಒಂದೇ ರೀತಿ ನಡೆದುಕೊಳ್ಳುತ್ತಿದ್ದರು. ಎದುರಿನವರಿಗೆ ಏನು ಬೇಕಾಗಿದೆ, ಅವರ ಕೆಲಸ ಎಲ್ಲಿ ತಡೆದಿದೆ ಎಂಬುದನ್ನು ಮಾತು ಬಾರದ ಮಗು ಓದಿಕೊಂಡು ಎದ್ದು ಬರುತ್ತದೆ ಎಂದಾಯಿತು.

2012ರಲ್ಲಿ ಅದೇ ಸಂಸ್ಥೆಯಿಂದ ಬಂದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಪ್ರಿಯವಾದದ್ದು. ಕಷ್ಟದಲ್ಲಿರುವವರನ್ನು ನೋಡಿದಾಗ ಎರಡು ವರ್ಷದ ಮಕ್ಕಳ ಕಣ್ಣಿನ ಪಾಪೆ ಹಿಗ್ಗುತ್ತದೆ. ಸಹಾಯ ಸಿಕ್ಕ ಮೇಲೆ ಕುಗ್ಗುತ್ತದೆ. ಆ ಸಹಾಯವನ್ನು ತಾನು ಮಾಡಿದರೂ ಬೇರೆಯವರು ಮಾಡಿದರೂ ಪಾಪೆ ಒಂದೇ ರೀತಿ ಕುಗ್ಗಿತು. ತಾನೇ ಮಾಡಿ ಹೆಸರು ಗಳಿಸಬೇಕೆಂಬ ಹಂಬಲ ಆ ವಯಸ್ಸಿಗೆ ಇನ್ನೂ ಬಂದಿರುವಂತೆ ಕಾಣುವುದಿಲ್ಲ. ಎದುರಿನವರ ಕೆಲಸ ಆಗಿಬಿಡಲಿ ಎಂಬಷ್ಟೇ ಅದರ ತವಕ.

ಹಾಗಾಗಿ ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕುವ ನಿಮ್ಮ ಮಗನಿಗೆ ಕೈ ಇನ್ನೂ ಪಳಗಿಲ್ಲವೇ ಹೊರತು ಮನಸ್ಸಿಗೆ ಏನೂ ಕೊರತೆಯಿಲ್ಲ. ಕೈ ಪಳಗುವುದಕ್ಕೆ ಕಾಲ ಬೇಕು, ಮನಸ್ಸು ಉಳಿಯುವುದಕ್ಕೆ ಅವಕಾಶ ಬೇಕು. ಈ ಎರಡನೆಯದರ ಬಗ್ಗೆ ಮೆಕ್ಸಿಕೋದ ಗ್ವಾದಲಹಾರ ನಗರದಲ್ಲಿ ಬಾರ್ಬರಾ ರೊಗೋಫ್ ಮತ್ತು ಅವರ ಜೊತೆಗಾರರು ನಡೆಸಿದ ಅಧ್ಯಯನವನ್ನು ನೆನೆಯಬಹುದು. ಅಲ್ಲಿನ ಮೂಲನಿವಾಸಿ ಪರಂಪರೆಯ ಕುಟುಂಬಗಳಲ್ಲಿ ಪುಟ್ಟ ಮಕ್ಕಳು ಮೊದಲಿನಿಂದಲೂ ದೊಡ್ಡವರ ಕೆಲಸದ ನಡುವೆಯೇ ಇರುತ್ತಾರೆ, ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೂ ಯಾರೂ ಹೇಳದೆ ತಾವಾಗಿ ಮನೆಗೆಲಸಕ್ಕೆ ಕೈಹಾಕುತ್ತಾರೆ. ಅದೇ ನಗರದ ಆಧುನಿಕ ಜೀವನಶೈಲಿಯ ಓದಿದ ಕುಟುಂಬಗಳಲ್ಲಿ ಅಂತಹ ಮಕ್ಕಳು ಅಪರೂಪ. ಹತ್ತು ವರ್ಷದ ಮಗ ತಟ್ಟೆ ಎತ್ತಿಡುವುದಿಲ್ಲ ಎಂದು ದೂರುವ ನಮ್ಮಲ್ಲಿ ಅನೇಕರು, ಅವನು ಎರಡು ವರ್ಷದವನಿದ್ದಾಗ ತಟ್ಟೆ ಹಿಡಿದುಕೊಂಡು ಬಂದದ್ದನ್ನೂ "ಒಡೆದುಬಿಡ್ತೀಯ, ಇಡು" ಎಂದು ತಾವು ಕಸಿದುಕೊಂಡದ್ದನ್ನೂ ಮರೆತಿರುತ್ತಾರೆ.

ಭಾರತೀಯ ಕುಟುಂಬಗಳಲ್ಲಿ ಇದೆಲ್ಲ ತಾನಾಗಿ ಇದ್ದೇ ಇದೆ ಎಂದು ಬೀಗುವುದಕ್ಕೂ ಆಧಾರ ಕಡಿಮೆ. ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ದಂಪತಿ 1975ರಲ್ಲಿ ಪ್ರಕಟಿಸಿದ ಆರು ಸಮಾಜಗಳ ಹೋಲಿಕೆಯಲ್ಲಿ ಇತರರನ್ನು ನೋಡಿಕೊಳ್ಳುವ, ಹೊಣೆ ಹೊರುವ ನಡತೆ ಹೆಚ್ಚಾಗಿ ಕಂಡದ್ದು ಕೀನ್ಯಾ, ಮೆಕ್ಸಿಕೋ ಮತ್ತು ಫಿಲಿಪೀನ್ಸ್‌ನ ಮಕ್ಕಳಲ್ಲಿ. ಉತ್ತರ ಪ್ರದೇಶದ ಖಾಲಾಪುರದ ಮಕ್ಕಳು ಆ ವಿಷಯದಲ್ಲಿ ಅಮೆರಿಕದ ಮಕ್ಕಳ ಗುಂಪಿಗೇ ಸೇರಿದ್ದರು. ಮೊದಲ ಮೂರು ಕಡೆ ಮಕ್ಕಳಿಗೆ ಮನೆಯ ನಿಜವಾದ ಕೆಲಸಗಳೂ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಇತ್ತು ಎಂಬುದನ್ನು ಅವರು ಒತ್ತಿ ಹೇಳಿದರು.

ಮಗುವಿಗೆ ಎಲ್ಲ ಕೆಲಸದಲ್ಲೂ ಪಾಲು ಕೊಡಬೇಕಿಲ್ಲ. ದಿನಕ್ಕೆ ಒಂದೇ ಕೆಲಸ ಸಾಕು, ಆದರೆ ಅದು ನಿಜವಾದ ಕೆಲಸವಾಗಿರಲಿ. ಬಟ್ಟೆ ಹಾಕುವಾಗ ಒಂದೊಂದೇ ಕ್ಲಿಪ್ ಎತ್ತಿಕೊಡುವುದು, ಒಣಗಿದ ಬಟ್ಟೆಯಲ್ಲಿ ಕಾಲುಚೀಲಗಳನ್ನು ಆರಿಸುವುದು, ತೊಳೆದ ಚಮಚಗಳನ್ನು ಡಬ್ಬಕ್ಕೆ ಹಾಕುವುದು ಅವನಿಗೆ ಸಾಧ್ಯ. ಅವರೆಕಾಯಿಗೆ ಅವನದೇ ಒಂದು ಪುಟ್ಟ ಪಾತ್ರೆ ಕೊಡಿ, ಕಾಳು ಬಾಯಿಗೂ ಮೂಗಿಗೂ ಹೋಗದಂತೆ ಕಣ್ಣಿಟ್ಟಿರಿ. ಅವನು ಮಾಡಿದ್ದನ್ನು ಅವನೆದುರಿಗೇ ಸರಿಪಡಿಸಬೇಡಿ. ತುರ್ತಿನ ಮೀಟಿಂಗ್ ಇರುವ ದಿನ ಮೊಬೈಲ್ ಕೊಟ್ಟು ಕೂರಿಸಿದರೆ ಅಂತಹ ಅಪರಾಧವೇನೂ ಅಲ್ಲ. ಶನಿವಾರ, ಭಾನುವಾರಗಳಂದಾದರೂ ಕೆಲಸ ನಿಧಾನವಾಗುವುದಕ್ಕೆ ಒಪ್ಪಿಕೊಳ್ಳಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಐದು ವರ್ಷ. ಬೆಳಗ್ಗೆ ಗೇಟಿನ ಬಳಿಯಿಂದ ಪೇಪರ್ ತಂದುಕೊಟ್ಟರೆ ಐದು ರೂಪಾಯಿ ಕೊಡುತ್ತ ಬಂದೆ. ಕಡಲೆಕಾಯಿ ಪರಿಷೆಗೆ ಕೂಡಿಡಲಿ ಎಂಬ ಆಸೆ. ಮೊನ್ನೆ ಕನ್ನಡಕ ತಂದುಕೊಡಮ್ಮ ಎಂದೆ. "ಎಷ್ಟು ಕೊಡ್ತೀಯ ತಾತ?" ಎಂದು ಕೇಳಿಯೇಬಿಟ್ಟಳು. ಮನೆಯವರೆಲ್ಲ ನಕ್ಕರು, ನನಗೆ ನಗು ಬರಲಿಲ್ಲ.
(ಒಬ್ಬ ತಾತ, ಬಸವನಗುಡಿ)

ಉತ್ತರ: ಮೊದಲ ಉತ್ತರದಲ್ಲಿ ಹೆಸರಿಸಿದ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಅವರೇ 2008ರಲ್ಲಿ ಇದನ್ನು ಪರೀಕ್ಷಿಸಿದರು. ಇಪ್ಪತ್ತು ತಿಂಗಳ ಮಕ್ಕಳನ್ನು ಮೂರು ಗುಂಪು ಮಾಡಿ, ಸಹಾಯ ಮಾಡಿದಾಗಲೆಲ್ಲ ಒಂದು ಗುಂಪಿಗೆ ಆಟಕ್ಕೆ ಬೇಕಾದ ವಸ್ತುವನ್ನು ಬಹುಮಾನವಾಗಿ ಕೊಟ್ಟರು, ಇನ್ನೊಂದಕ್ಕೆ ಮೆಚ್ಚುಗೆಯ ಮಾತು ಹೇಳಿದರು, ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಆಮೇಲೆ ಬಹುಮಾನ ನಿಂತಾಗ, ಅದಕ್ಕೆ ಒಗ್ಗಿಕೊಂಡಿದ್ದ ಮಕ್ಕಳ ಸಹಾಯವೇ ಉಳಿದೆರಡು ಗುಂಪುಗಳಿಗಿಂತ ಕಡಿಮೆಯಾಯಿತು. ಮೆಚ್ಚುಗೆಯ ಮಾತಿನಿಂದ ಅಂತಹ ನಷ್ಟ ಕಾಣಲಿಲ್ಲ. ತಾನಾಗಿ ಮಾಡುತ್ತಿದ್ದದ್ದಕ್ಕೆ ಬೆಲೆ ಕಟ್ಟಿದ ಕೂಡಲೇ ಅದು ಕೂಲಿಯಾಗಿಬಿಡುತ್ತದೆ, ಕೂಲಿ ನಿಂತರೆ ಕೆಲಸವೂ ನಿಲ್ಲುತ್ತದೆ.

ನಿಮ್ಮ ಮೊಮ್ಮಗಳು ನೀವು ಹಾಕಿಕೊಟ್ಟ ಲೆಕ್ಕವನ್ನೇ ಮುಂದುವರಿಸಿದಳು, ಅವಳಲ್ಲಿ ದುರಾಸೆ ಹುಡುಕಬೇಡಿ. "ನಾಳೆಯಿಂದ ಹಣ ಇಲ್ಲ" ಎಂದು ಘೋಷಿಸದೆ, ಪೇಪರಿಗೂ ಹಣಕ್ಕೂ ಇರುವ ನಂಟನ್ನು ಮೆಲ್ಲಗೆ ಬಿಡಿಸಿ. ಪರಿಷೆಯ ಹಣವನ್ನು ಪರಿಷೆಯ ದಿನ, ತಾತ ಕೊಡುವ ಹಣವೆಂದೇ ಕೊಡಿ. ಕನ್ನಡಕ ತಂದುಕೊಟ್ಟ ದಿನ ಅದನ್ನು ಹಾಕಿಕೊಂಡು ಅವಳಿಗೆ ಪೇಪರಿನ ಚಿತ್ರ ತೋರಿಸಿ, ಏನಾದರೂ ಓದಿ ಹೇಳಿ. ತಾನು ತಂದದ್ದು ಯಾವ ಕೆಲಸಕ್ಕೆ ಬಂತೆಂದು ಅವಳು ಕಣ್ಣಾರೆ ಕಾಣುತ್ತಾಳೆ.

ಪ್ರಶ್ನೆ: ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಆರು ತಿಂಗಳ ಶಿಶುವಿಗೇ ಒಳ್ಳೆಯವರು, ಕೆಟ್ಟವರು ಎಂಬ ವಿವೇಚನೆ ಇದೆ ಎಂದು ತರಗತಿಯಲ್ಲಿ ಕಲಿತೆವು. ಇದನ್ನು ಎಷ್ಟರಮಟ್ಟಿಗೆ ನಂಬಬಹುದು?
(ಮಲ್ಲೇಶ್ವರ)

ಉತ್ತರ: ನೀವು ಕಲಿತದ್ದು ಯೇಲ್ ವಿಶ್ವವಿದ್ಯಾಲಯದ ಕೈಲಿ ಹ್ಯಾಮ್ಲಿನ್, ಕ್ಯಾರನ್ ವಿನ್ ಮತ್ತು ಪಾಲ್ ಬ್ಲೂಮ್ 2007ರಲ್ಲಿ ಪ್ರಕಟಿಸಿದ ಪ್ರಯೋಗವಿರಬೇಕು. ಕಣ್ಣು ಅಂಟಿಸಿದ ಒಂದು ಮರದ ಗೊಂಬೆ ಗುಡ್ಡ ಹತ್ತಲು ಹೆಣಗುತ್ತಿರುತ್ತದೆ, ಇನ್ನೊಂದು ಕೆಳಗಿನಿಂದ ಅದನ್ನು ಮೇಲಕ್ಕೆ ನೂಕುತ್ತದೆ, ಮತ್ತೊಂದು ಮೇಲಿನಿಂದ ಕೆಳಕ್ಕೆ ತಳ್ಳುತ್ತದೆ. ಅನಂತರ ಶಿಶುವಿನ ಮುಂದೆ ಈ ಎರಡನ್ನೂ ಇಟ್ಟಾಗ, ಹತ್ತು ತಿಂಗಳ 16 ಶಿಶುಗಳಲ್ಲಿ 14, ಆರು ತಿಂಗಳ 12 ಶಿಶುಗಳಲ್ಲಿ ಹನ್ನೆರಡೂ ಸಹಾಯ ಮಾಡಿದ ಗೊಂಬೆಗೇ ಕೈಚಾಚಿದವು. ಕೇಳಿದವರಿಗೆಲ್ಲ ರೋಮಾಂಚನವಾಗುವಂತಹ ಫಲಿತಾಂಶವಾದ್ದರಿಂದ ಅದು ಪಠ್ಯಪುಸ್ತಕಗಳನ್ನು ಬೇಗ ಸೇರಿತು.

ಆದರೆ ಸಂಖ್ಯೆ ಚಿಕ್ಕದು. ಹಲವು ದೇಶಗಳ 37 ಪ್ರಯೋಗಾಲಯಗಳು ಒಟ್ಟಾಗಿ ಅದೇ ಗುಡ್ಡ ಹತ್ತುವ ಆಟವನ್ನು 500ಕ್ಕೂ ಹೆಚ್ಚು ಶಿಶುಗಳಿಗೆ ತೋರಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸಹಾಯಕ ಗೊಂಬೆಯನ್ನು ಆರಿಸಿದವರು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಈ ದೊಡ್ಡ ಪ್ರಯತ್ನದಲ್ಲಿ ಹ್ಯಾಮ್ಲಿನ್ ಅವರೂ ಪಾಲ್ಗೊಂಡಿದ್ದರೆಂಬುದು ಅವರ ವೃತ್ತಿನಿಷ್ಠೆಗೆ ಸಲ್ಲುವ ಮಾತು. ಆರು ತಿಂಗಳ ಶಿಶುವಿಗೆ ನ್ಯಾಯಾಧೀಶನ ಪಟ್ಟ ಕಟ್ಟುವುದನ್ನು ಸದ್ಯಕ್ಕೆ ಮುಂದೂಡುವುದು ಒಳ್ಳೆಯದು. ಹದಿನೆಂಟು ತಿಂಗಳ ಮಗು ಎದ್ದು ಬಂದು ಕ್ಲಿಪ್ ಎತ್ತಿಕೊಡುತ್ತದೆ ಎಂಬುದರ ಅಡಿಪಾಯ ಇದಕ್ಕಿಂತ ಗಟ್ಟಿ. ಭಾರತದ ಮತ್ತು ಪೆರುವಿನ ಹಳ್ಳಿಗಳ ಮಕ್ಕಳಲ್ಲೂ ಅದು ಕಂಡುಬಂದಿದೆ.

ಪ್ರಶ್ನೆ: ನಮ್ಮ ಮಗಳಿಗೆ ಮೂರೂಕಾಲು ವರ್ಷ. ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ತನ್ನ ಸೈಕಲ್ಲನ್ನು ಬೇರೆ ಮಗು ಮುಟ್ಟಿದರೆ ಸಾಕು, ಕೂಗಿ ನೂಕುತ್ತಾಳೆ. ವಿಚಿತ್ರವೆಂದರೆ ಅದೇ ಮಗು ಬಿದ್ದರೆ ಓಡಿಹೋಗಿ ಎಬ್ಬಿಸುತ್ತಾಳೆ. "ಹಂಚಿಕೊಂಡು ಆಡಬೇಕು ಅಲ್ವಾ ಪುಟ್ಟಿ?" ಎಂದರೆ "ಹೌದು" ಎನ್ನುತ್ತಾಳೆ, ಕೊಡುವುದು ಮಾತ್ರ ಇಲ್ಲ. ಉಳಿದ ತಂದೆತಾಯಿಯರ ಮುಂದೆ ತಲೆ ತಗ್ಗಿಸುವಂತಾಗಿ, ಕೊನೆಗೆ ನಾನೇ ಸೈಕಲ್ ಕಿತ್ತು ಕೊಡುತ್ತೇನೆ. ಒಂದೇ ಮಗು ಆದ್ದರಿಂದ ಸ್ವಾರ್ಥಿಯಾಗುತ್ತಿದ್ದಾಳೆಯೇ?
(ಒಬ್ಬ ತಂದೆ, ವಿದ್ಯಾರಣ್ಯಪುರ)

ಉತ್ತರ: ನಿಮ್ಮ ಪತ್ರದ "ವಿಚಿತ್ರವೆಂದರೆ" ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲೋಣ. ಬಿದ್ದವರನ್ನು ಎಬ್ಬಿಸುವುದು ಮತ್ತು ತನ್ನದನ್ನು ಬಿಟ್ಟುಕೊಡುವುದು ದೊಡ್ಡವರ ಲೆಕ್ಕದಲ್ಲಿ ಒಂದೇ ಒಳ್ಳೆಯತನದ ಎರಡು ರೂಪಗಳಾಗಿ ಕಾಣುತ್ತವೆ. ಮಗುವಿನ ಮಟ್ಟಿಗೆ ಅವು ಬೇರೆ ಬೇರೆ ಕಾಲಕ್ಕೆ ಕೈಗೂಡುವ ಬೇರೆ ಬೇರೆ ಸಾಮರ್ಥ್ಯಗಳು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೆಂಟು ಮತ್ತು ಮೂವತ್ತು ತಿಂಗಳ ಮಕ್ಕಳ ಮುಂದೆ ಮೂರು ಬಗೆಯ ಸಂದರ್ಭಗಳನ್ನು ಇಟ್ಟಿದ್ದರು. ಕೈಗೆಟುಕದ ವಸ್ತುವನ್ನು ಎತ್ತಿಕೊಡುವುದು ಚಿಕ್ಕವರಿಗೂ ಸುಲಭವಾಗಿತ್ತು. ಚಳಿಯಿಂದ ನಡುಗುತ್ತಿರುವವರಿಗೆ ಹೊದಿಕೆ ಬೇಕಾಗಿದೆ ಎಂದು ಅರಿಯುವುದು ಅದಕ್ಕಿಂತ ಕಷ್ಟವಾಯಿತು. ಆ ಹೊದಿಕೆ ಮಗು ಮನೆಯಿಂದ ತಂದ ತನ್ನದೇ ಹೊದಿಕೆಯಾಗಿದ್ದರಂತೂ ಎರಡೂ ವಯಸ್ಸಿನವರಿಗೆ ಅದು ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ನಿಮ್ಮ ಮಗಳ ಸೈಕಲ್ ಆ ಮೂರನೆಯ ಜಾತಿಗೆ ಸೇರಿದ್ದು.

"ಹೌದು" ಎಂದು ಹೇಳಿಯೂ ಕೊಡದಿರುವುದು ಕಪಟವಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರ್‌ಗಳನ್ನು ಕೊಟ್ಟು ನಡೆಸಿದ, 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಲ್ಲ ವಯಸ್ಸಿನವರೂ ಸಮಪಾಲು ಮಾಡಬೇಕು ಎಂದೇ ಹೇಳಿದರು. ಚಿಕ್ಕವರು ಮಾತ್ರ ಹೆಚ್ಚು ಪಾಲನ್ನು ತಾವೇ ಇಟ್ಟುಕೊಂಡರು, ಅದಕ್ಕಿಂತ ಸೊಗಸೆಂದರೆ, ತಾವು ಹಾಗೆಯೇ ಮಾಡುತ್ತೇವೆಂದು ಮೊದಲೇ ಸರಿಯಾಗಿ ಹೇಳಿದ್ದರು! ಏಳೆಂಟು ವರ್ಷದ ಹೊತ್ತಿಗೆ ನುಡಿಯೂ ನಡೆಯೂ ಒಂದಾದವು. ನಿಯಮ ಗೊತ್ತಾಗುವುದಕ್ಕೂ ಅದು ತನ್ನ ಮೇಲೆ ಅಧಿಕಾರ ನಡೆಸುವುದಕ್ಕೂ ನಡುವೆ ನಾಲ್ಕೈದು ವರ್ಷಗಳ ಅಂತರವಿದೆ, ಮತ್ತು ಆ ಅಂತರ ಎಷ್ಟೋ ದೊಡ್ಡವರಲ್ಲೂ ಪೂರ್ತಿ ಮುಚ್ಚಿರುವುದಿಲ್ಲ.

ಭಾರತವೂ ಸೇರಿ ಏಳು ದೇಶಗಳ ಮಕ್ಕಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೂ ಇಲ್ಲಿಗೆ ಹೊಂದುತ್ತದೆ. ತನಗಿಂತ ಇನ್ನೊಬ್ಬರಿಗೆ ಹೆಚ್ಚು ಸಿಕ್ಕಾಗ "ಹಾಗಾದರೆ ಇಬ್ಬರಿಗೂ ಬೇಡ" ಎನ್ನುವ ನಡತೆ ಎಲ್ಲ ಕಡೆಯೂ ಒಂದು ವಯಸ್ಸಿಗೆ ಕಾಣಿಸಿಕೊಂಡಿತು. ತನಗೇ ಹೆಚ್ಚು ಬಂದಾಗಲೂ ಬೇಡವೆನ್ನುವುದು ಅಮೆರಿಕ, ಕೆನಡಾ, ಉಗಾಂಡಾಗಳಲ್ಲಿ ಮಾತ್ರ, ಅದೂ ದೊಡ್ಡ ಮಕ್ಕಳಲ್ಲಿ ಕಂಡಿತು. ಅಂದರೆ ನ್ಯಾಯದ ಪ್ರಜ್ಞೆ ಮೊದಲು "ನನಗೆ ಅನ್ಯಾಯವಾಯಿತು" ಎಂಬ ಕೂಗಾಗಿ ಬರುತ್ತದೆ. "ನನ್ನಿಂದ ಅನ್ಯಾಯವಾಗುತ್ತಿದೆ" ಎಂಬ ಅರಿವು ಬಹಳ ತಡವಾಗಿ, ಸುತ್ತಲಿನ ಸಮಾಜ ಅದನ್ನು ಬಯಸಿದ ಕಡೆ ಬರುತ್ತದೆ.

ಸೈಕಲ್ಲನ್ನು ಕಿತ್ತು ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಅದರಿಂದ ನಿಮ್ಮ ಮುಜುಗರ ತಗ್ಗಬಹುದು, ಆದರೆ ಅವಳು ಕಲಿಯುವುದು ಬಲವಿದ್ದವರು ಕಿತ್ತುಕೊಳ್ಳಬಹುದು ಎಂಬುದನ್ನು. ನಾಡಿಯಾ ಚೆರ್ನ್ಯಾಕ್ ಮತ್ತು ತಮಾರ್ ಕುಶ್ನಿರ್ 2013ರಲ್ಲಿ ತೋರಿಸಿದಂತೆ, ಬೇಸರದಲ್ಲಿದ್ದ ಗೊಂಬೆಗೆ ಸ್ಟಿಕ್ಕರ್ ಕೊಡಬೇಕೋ ತಾವೇ ಇಟ್ಟುಕೊಳ್ಳಬೇಕೋ ಎಂಬ ಆಯ್ಕೆಯನ್ನು ಎದುರಿಸಿ, ತಾವಾಗಿ ಕೊಟ್ಟ ಮೂರು ನಾಲ್ಕು ವರ್ಷದ ಮಕ್ಕಳು ಮುಂದಿನ ಸಲ ಹೆಚ್ಚು ಹಂಚಿದರು. ಕೊಡಲೇಬೇಕೆಂದು ಹೇಳಿಸಿಕೊಂಡು ಕೊಟ್ಟವರಲ್ಲಿ ಅಷ್ಟು ಬದಲಾವಣೆ ಆಗಲಿಲ್ಲ. ಸೈಕಲ್ ಬೇಡವೆಂದರೆ ಅದನ್ನು ಮನೆಯಲ್ಲೇ ಬಿಟ್ಟು, ಚೆಂಡು, ಮರಳಿನ ಬಕೆಟ್‌ಗಳಂತಹ ಒಬ್ಬರೇ ಆಡಿದರೆ ಸೊಗಸಿಲ್ಲದ ಸಾಮಾನುಗಳನ್ನು ಕೆಳಗೆ ಒಯ್ಯಿರಿ. ನೂಕಿದ್ದಕ್ಕೆ ಮಾತ್ರ ಅಲ್ಲಿಯೇ, ಗಟ್ಟಿಯಾಗಿ, ಆದರೆ ಕೈ ಮಾಡದೆ, "ನೋಡು, ಅವನಿಗೆ ನೋವಾಯಿತು, ಅಳುತ್ತಿದ್ದಾನೆ" ಎಂದು ತೋರಿಸಿ ಹೇಳಬೇಕು. ಇನ್ನು ನಮ್ಮ ಸಂಕ್ರಾಂತಿಯಲ್ಲಿ ಎಳ್ಳು ಬೀರುವ ಪದ್ಧತಿ ಇದೆಯಲ್ಲ, ಅದು ಈ ವಯಸ್ಸಿಗೆ ಹೇಳಿ ಮಾಡಿಸಿದ್ದು. ಹೊಸ ಲಂಗ ತೊಟ್ಟು, ತಟ್ಟೆ ಹಿಡಿದು, ಪಕ್ಕದ ಮನೆಗೆ ಹೋಗಿ ತನ್ನ ಕೈಯಾರೆ ಕೊಟ್ಟು, ಅಲ್ಲಿಂದಲೂ ಒಂದು ಪೊಟ್ಟಣ ಪಡೆದು ಬರುವಾಗ, ಕೊಟ್ಟರೆ ಕೈ ಬರಿದಾಗುವುದಿಲ್ಲ ಎಂಬುದನ್ನು ಮಗು ಉಪದೇಶವಿಲ್ಲದೆ ಕಾಣುತ್ತದೆ. ಪ್ಯಾಕೆಟ್ಟುಗಳನ್ನು ಸೆಕ್ಯುರಿಟಿಯವರ ಮೇಜಿನ ಮೇಲಿಟ್ಟು ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಸಿಬಿಡುವ ಈಚಿನ ಅಪಾರ್ಟ್‌ಮೆಂಟ್ ರೂಢಿಗೆ ಆ ಗುಣವಿಲ್ಲ.

ಒಂದೇ ಮಗು ಎಂಬ ಕಾರಣಕ್ಕೆ ಹೀಗಾಯಿತೆಂಬ ಚಿಂತೆಯನ್ನು ಬಿಡಿ. ಮೂರು ವರ್ಷ ಎಂಬುದೇ ಸಾಕಷ್ಟು ಕಾರಣ.

ಪ್ರಶ್ನೆ: ನಾನು ಎಲ್‌ಕೆಜಿ ಶಿಕ್ಷಕಿ. ನನ್ನ ದಿನದ ಅರ್ಧ ದೂರು ಕೇಳುವುದರಲ್ಲೇ ಕಳೆಯುತ್ತದೆ. "ಮಿಸ್, ಅವನು ಶೂ ಬಿಚ್ಚಿಲ್ಲ", "ಮಿಸ್, ಅವಳು ಇವಳ ಚಿತ್ರ ಹರಿದಳು", "ಮಿಸ್, ಅವನು ನೀರು ಚೆಲ್ಲಿದ". ಚಾಡಿ ಹೇಳುವ ಚಟ ಬಿಡಿಸುವುದು ಹೇಗೆ?
(ಯಲಹಂಕ)

ಉತ್ತರ: ನೀವು ಕೊಟ್ಟ ಮೂರು ಉದಾಹರಣೆಗಳು ಮೂರು ಬೇರೆ ಜಾತಿಯವು. ಅವನ್ನೆಲ್ಲ ಚಾಡಿ ಎಂಬ ಒಂದೇ ಚೀಲಕ್ಕೆ ತುಂಬದಿದ್ದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಚಿತ್ರ ಹರಿದದ್ದು ಇನ್ನೊಬ್ಬರಿಗೆ ಆದ ಹಾನಿ. 2011ರ ಒಂದು ಅಧ್ಯಯನದಲ್ಲಿ, ಅಲ್ಲಿಲ್ಲದವರ ಚಿತ್ರವನ್ನು ಕೈಗೊಂಬೆಯೊಂದು ಹಾಳುಮಾಡಲು ಹೊರಟಾಗ ಮೂರು ವರ್ಷದ ಮಕ್ಕಳು ತಡೆದು ಮಾತಾಡಿದರು, ಆಮೇಲೆ ಆ ಚಿತ್ರ ಬರೆದವರು ಮರಳಿ ಬಂದಾಗ ಅವರಿಗೆ ನಡೆದದ್ದನ್ನು ತಿಳಿಸಿದರು. ನಿಮ್ಮ ವಿದ್ಯಾರ್ಥಿಯೂ ಇನ್ನೊಬ್ಬಳ ಪರವಾಗಿ ನಿಂತಿದ್ದಾನೆ. ಅದನ್ನು ಬಿಡಿಸಬೇಕಿಲ್ಲ, "ಹೇಳಿದ್ದು ಒಳ್ಳೆಯದಾಯಿತು" ಎನ್ನಬೇಕು.

ಶೂ ಬಿಚ್ಚದಿರುವುದು ನಿಮ್ಮ ಶಾಲೆಯ ಶಿಸ್ತು. ಈ ಎರಡರ ವ್ಯತ್ಯಾಸ ಮಕ್ಕಳಿಗೆ ನಾವು ಎಣಿಸುವುದಕ್ಕಿಂತ ಚೆನ್ನಾಗಿ ಗೊತ್ತಿದೆ. ಎಲಿಯಟ್ ಟುರಿಯೆಲ್, ಜೂಡಿತ್ ಸ್ಮೆಟಾನಾ ಮೊದಲಾದವರು 1980ರ ದಶಕದಲ್ಲಿ ಕೇಳಿದ ಪ್ರಶ್ನೆ ಬಹಳ ಸರಳ: "ಮಿಸ್ ಪರವಾಗಿಲ್ಲ ಎಂದರೆ ಹಾಗೆ ಮಾಡಬಹುದೇ?" ರೂಢಿಯ ನಿಯಮಗಳ ಬಗ್ಗೆ ಪುಟ್ಟ ಮಕ್ಕಳು ಸಾಮಾನ್ಯವಾಗಿ "ಮಾಡಬಹುದು" ಎಂದರು. ಇನ್ನೊಬ್ಬರನ್ನು ಹೊಡೆಯುವ ಬಗ್ಗೆ, ಮಿಸ್ ಒಪ್ಪಿದರೂ ತಪ್ಪೇ ಎಂದರು. ನಿಮ್ಮ ತರಗತಿಯಲ್ಲೇ ಒಂದು ದಿನ ಕೇಳಿ ನೋಡಿ, ಉತ್ತರಗಳು ನಿಮ್ಮನ್ನು ನಗಿಸುತ್ತವೆ, ಯೋಚನೆಗೂ ಹಚ್ಚುತ್ತವೆ. ಶೂ ಬಿಚ್ಚದವನಿಗೂ ಚಿತ್ರ ಹರಿದವಳಿಗೂ ಒಂದೇ ದನಿಯಲ್ಲಿ ಗದರುವ ನಾವೇ ಮಕ್ಕಳಲ್ಲಿ ಸ್ಪಷ್ಟವಾಗಿರುವ ಗೆರೆಯನ್ನು ಅಳಿಸುತ್ತೇವೆ.

ನೀರು ಚೆಲ್ಲಿದ್ದರ ವಿಷಯಕ್ಕೆ ಬಂದರೆ, ಬೇಕೆಂದು ಚೆಲ್ಲಿದನೋ ಕೈಜಾರಿತೋ ಎಂಬುದು ಮುಖ್ಯ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1932ರ ತಮ್ಮ ಗ್ರಂಥದಲ್ಲಿ ಮಕ್ಕಳಿಗೆ ಎರಡು ಕಥೆ ಹೇಳಿದ್ದನ್ನು ವಿವರಿಸುತ್ತಾರೆ. ಬಾಗಿಲ ಹಿಂದೆ ಕಪ್ಪುಗಳಿದ್ದುದು ತಿಳಿಯದೆ ಬಾಗಿಲು ತೆರೆದ ಒಬ್ಬ ಹುಡುಗನಿಂದ 15 ಕಪ್ಪುಗಳು ಒಡೆದವು. ಇನ್ನೊಬ್ಬ ಅಮ್ಮನಿಲ್ಲದಾಗ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ಪನ್ನು ಒಡೆದ. ಏಳು ವರ್ಷದೊಳಗಿನವರಲ್ಲಿ ಅನೇಕರು 15 ಕಪ್ಪು ಒಡೆದವನೇ ಹೆಚ್ಚು ಕೆಟ್ಟವನು ಎಂದರು. ಅನಂತರದ ಸಂಶೋಧಕರು ಪಿಯಾಜೆಯನ್ನು ತಿದ್ದಿದ್ದಾರೆ. ಆ ಕಥೆಗಳಲ್ಲಿ ಉದ್ದೇಶ ಮತ್ತು ನಷ್ಟ ಎರಡೂ ಒಟ್ಟಿಗೇ ಬದಲಾಗುತ್ತವೆ. ಉದ್ದೇಶವನ್ನು ಎದ್ದು ಕಾಣುವಂತೆ ಬೇರ್ಪಡಿಸಿ ಹೇಳಿದರೆ ಮೂರು ವರ್ಷದವರೂ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ತೀರ್ಪು ಕೊಡುವ ಮುಂಚೆ "ಬೇಕೂಂತ ಚೆಲ್ಲಿದನಾ, ಕೈಜಾರಿತಾ?" ಎಂದು ದೂರು ತಂದವನನ್ನೇ ಕೇಳಿ. ಆಮೇಲೆ ಇಬ್ಬರ ಕೈಗೂ ಒರೆಸುವ ಬಟ್ಟೆ ಕೊಡಿ. ಒರೆಸುವುದನ್ನು ಶಿಕ್ಷೆಯೆಂದು ಅವರು ತಿಳಿಯುವುದಿಲ್ಲ, ನೀವು ಹಾಗೆ ಹೇಳದಿದ್ದರೆ.

ಪ್ರಶ್ನೆ: ನಾಲ್ಕೂವರೆ ವರ್ಷದ ಮಗ ಈಚೆಗೆ ಸುಳ್ಳು ಹೇಳುತ್ತಾನೆ. ಬಾಯಿಯ ಸುತ್ತ ಬೆಲ್ಲ ಮೆತ್ತಿಕೊಂಡು "ನಾನು ತಿಂದಿಲ್ಲ" ಎನ್ನುತ್ತಾನೆ. ಹೊಡೆದರೂ ಬಿಟ್ಟಿಲ್ಲ.
(ಒಬ್ಬ ತಾಯಿ, ಕೆಂಗೇರಿ)

ಉತ್ತರ: ಹೊಡೆದರೂ ಎಂಬುದನ್ನು "ಹೊಡೆದದ್ದರಿಂದ" ಎಂದು ಓದಿಕೊಳ್ಳಿ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಹೋಲಿಸಿ 2011ರಲ್ಲಿ ಬರೆದಂತೆ, ಕಠಿಣ ದಂಡನೆಯ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳಾಡಿದರು, ಅದನ್ನು ಹೆಚ್ಚು ಜಾಣತನದಿಂದ ಉಳಿಸಿಕೊಂಡರು. ತಿರುಗಿ ನೋಡಬೇಡ ಎಂದು ಹೇಳಿ ಮಗುವಿನ ಬೆನ್ನ ಹಿಂದೆ ಆಟಿಕೆಯಿಟ್ಟು ಹೊರಹೋಗುವ ಅವರ ಇನ್ನೊಂದು ಪ್ರಯೋಗದಲ್ಲಿ, ಕದ್ದು ನೋಡಿದ ಮೂರು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಪ್ಪಿಕೊಂಡರು, ಅದಕ್ಕಿಂತ ದೊಡ್ಡವರಲ್ಲಿ ಹೆಚ್ಚಿನವರು ನೋಡಿಲ್ಲವೆಂದರು. ತನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲದಿರಬಹುದು ಎಂಬ ಹೊಸ ತಿಳಿವಳಿಕೆಯ ಜೊತೆಗೇ ಸುಳ್ಳೂ ಬರುತ್ತದೆ. ಬೆಲ್ಲ ಮೆತ್ತಿದ ಬಾಯಿ ಆ ತಿಳಿವಳಿಕೆ ಇನ್ನೂ ಅರೆಬೆಂದದ್ದೆಂಬುದಕ್ಕೆ ಸಾಕ್ಷಿ.

ಉತ್ತರ ಗೊತ್ತಿದ್ದೂ "ತಿಂದೆಯಾ?" ಎಂದು ಕೇಳಿ ಬಲೆ ಬೀಸಬೇಡಿ. "ಬೆಲ್ಲ ತಿಂದಿದ್ದೀಯ, ಬಾ ಬಾಯಿ ತೊಳೆಯೋಣ" ಎಂದರೆ ಸುಳ್ಳಿಗೆ ಜಾಗವೇ ಇಲ್ಲ. ಕಥೆ ಹೇಳುವ ಅಭ್ಯಾಸವಿದ್ದರೆ ಇನ್ನೊಂದು ಮಾತು. ಕೆನಡಾದಲ್ಲಿ ಲೀ ಮತ್ತು ತಲ್ವಾರ್ ತಂಡದವರು 2014ರಲ್ಲಿ ಕಂಡುಕೊಂಡಂತೆ, ಸುಳ್ಳಾಡಿ ಶಿಕ್ಷೆಗೊಳಗಾದವರ ಪ್ರಸಿದ್ಧ ಕಥೆಗಳು ಮಕ್ಕಳನ್ನು ಸತ್ಯ ನುಡಿಸಲಿಲ್ಲ. ತಪ್ಪೊಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್ನನ ಕಥೆ ನುಡಿಸಿತು. ಹುಲಿಗೆ ಕೊಟ್ಟ ಮಾತಿಗಾಗಿ ಮರಳಿ ಬಂದ ನಮ್ಮ ಹಸುವಿನ ಕಥೆಯೂ ಸತ್ಯವನ್ನು ಎತ್ತಿಹಿಡಿಯುವ ಈ ಎರಡನೆಯ ಬಗೆಯದೇ. ಆದರೆ ಟೊರೊಂಟೊದ ಇನ್ನೊಂದು ಅಧ್ಯಯನದಲ್ಲಿ, ಹಂಚಿಕೊಳ್ಳುವುದರ ಬಗೆಗಿನ ಕಥೆಯ ಪಾತ್ರಗಳು ಮನುಷ್ಯರಾಗಿದ್ದಾಗ ಮಾತ್ರ ನಾಲ್ಕರಿಂದ ಆರು ವರ್ಷದ ಮಕ್ಕಳು ಹೆಚ್ಚು ಹಂಚಿದರು, ಪ್ರಾಣಿಗಳಾಗಿದ್ದಾಗ ಅಲ್ಲ. ಹಾಗಾಗಿ ಹಸುವಿನ ಕಥೆಯ ಜೊತೆಗೆ, ನೀವು ಚಿಕ್ಕವರಿದ್ದಾಗ ಏನೋ ಒಡೆದು ಅಜ್ಜಿಯ ಮುಂದೆ ಒಪ್ಪಿಕೊಂಡ ಕಥೆಯನ್ನೂ ಹೇಳಿ. ಒಪ್ಪಿಕೊಂಡದ್ದು ನಿಜವಾಗಿದ್ದರೆ ಮಾತ್ರ.

ಪ್ರಶ್ನೆ: ನಮ್ಮ ಮನೆಯ ಕೆಲಸದವಳು ಆರು ವರ್ಷದಿಂದ ಬರುತ್ತಿದ್ದಾಳೆ. ಒಳ್ಳೆಯವಳು, ನನ್ನ ಮಗನನ್ನು ಎತ್ತಿ ಆಡಿಸಿದವಳು. ಈಗ ಅವನಿಗೆ ಐದು ವರ್ಷ. ಅವಳಿಗೆ "ಏಯ್, ನೀರು ತಗೊಂಡು ಬಾ", "ಇದನ್ನ ಎತ್ತಿಡು" ಎಂದು ಆಜ್ಞೆ ಮಾಡುತ್ತಾನೆ. ಅವಳ ವಯಸ್ಸು ನನಗಿಂತ ಹೆಚ್ಚು. ದೊಡ್ಡವರಿಗೆ ಗೌರವ ಕೊಡಬೇಕು, ಯಾರನ್ನೂ ಕೀಳಾಗಿ ಕಾಣಬಾರದು ಎಂದು ದಿನವೂ ಹೇಳುತ್ತೇನೆ. ತಲೆಯಾಡಿಸುತ್ತಾನೆ, ಮತ್ತೆ ಅದೇ ರಾಗ. ಇದು ಅವನಿಗೆ ಎಲ್ಲಿಂದ ಬಂತು?
(ಒಬ್ಬ ತಾಯಿ, ಜಯನಗರ)

ಉತ್ತರ: 1970ರಲ್ಲಿ ಅಮೆರಿಕದ ಜೇಮ್ಸ್ ಬ್ರಯಾನ್ ಮತ್ತು ನ್ಯಾನ್ಸಿ ವಾಲ್ಬೆಕ್ ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳಲ್ಲಿ, ಆಟದಲ್ಲಿ ಗೆದ್ದದ್ದರಲ್ಲಿ ಬಡ ಮಕ್ಕಳಿಗೆ ಒಂದು ಪಾಲು ಕೊಡುವ ಅವಕಾಶವಿತ್ತು. ಮಕ್ಕಳು ಆಡುವ ಮುನ್ನ ಬೇರೊಬ್ಬರು ಆಡುವುದನ್ನು ನೋಡುತ್ತಿದ್ದರು. ಆ ವ್ಯಕ್ತಿ ಕೆಲವೊಮ್ಮೆ ದಾನದ ಹಿರಿಮೆಯನ್ನು ಹೇಳುತ್ತಲೇ ತನ್ನ ಗೆಲುವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ, ಕೆಲವೊಮ್ಮೆ ಕೊಡುವುದು ದಂಡವೆನ್ನುತ್ತಲೇ ಕೊಡುತ್ತಿದ್ದ. ಮಕ್ಕಳು ಎಷ್ಟು ಕೊಟ್ಟರು ಎಂಬುದು ಆತ ಮಾಡಿದ್ದನ್ನು ಅನುಸರಿಸಿತು. ಆತ ಹೇಳಿದ್ದು ಮಕ್ಕಳು ಮುಂದೆ ಬೇರೆಯವರಿಗೆ ಏನು ಹೇಳಿದರು ಎಂಬುದರಲ್ಲಿ ಮಾತ್ರ ಕಂಡಿತು. ಮಾತು ಮಾತನ್ನು ಹೆತ್ತಿತು, ನಡೆ ನಡೆಯನ್ನು ಹೆತ್ತಿತು. ನಿಮ್ಮ ಮಗನನ್ನು ಕೇಳಿದರೆ ಗೌರವದ ಬಗ್ಗೆ ನಿಮ್ಮಷ್ಟೇ ಚೆನ್ನಾಗಿ ಮಾತಾಡಬಲ್ಲನೆಂದು ಊಹಿಸುತ್ತೇನೆ.

ನೊಂದುಕೊಳ್ಳಬೇಡಿ, ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ನಿಮಗಿಂತ ಹಿರಿಯರಾದ ಅವರನ್ನು ನೀವು ಕೆಲಸದವಳು, ಒಳ್ಳೆಯವಳು, ಆಡಿಸಿದವಳು, ಅವಳು ಎಂದೇ ಬರೆದಿದ್ದೀರಿ. ಕನ್ನಡದ ಕ್ರಿಯಾಪದವೇ ಎದುರಿನವರ ಸ್ಥಾನವನ್ನು ಹೇಳಿಬಿಡುತ್ತದೆ. ಯಾರಿಗೆ "ಬನ್ನಿ", ಯಾರಿಗೆ "ಬಾ" ಎಂಬ ಲೆಕ್ಕವನ್ನು ಮಗು ಶಾಲೆಗೆ ಹೋಗುವ ಮೊದಲೇ ಮನೆಯಲ್ಲಿ ಕೇಳಿ ಕಲಿತಿರುತ್ತದೆ. ಅವನು ನಿಮ್ಮ ಮನೆಯ ವ್ಯಾಕರಣವನ್ನು ತಪ್ಪಿಲ್ಲದೆ ಬಳಸುತ್ತಿದ್ದಾನೆ.

ಅವರ ಹೆಸರು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವರನ್ನು ಏನೆಂದು ಕರೆದರೆ ಅವರಿಗೆ ಇಷ್ಟವೆಂದು ಮಗನ ಎದುರಿಗೇ ಅವರನ್ನು ಕೇಳಿ. ಹೆಸರಿಗೆ ಅಕ್ಕ ಸೇರಿಸಿ ಕರೆದರೆ ಸಾಕು ಎನ್ನಬಹುದು, ಅಮ್ಮ ಎನ್ನಬಹುದು. ನೀವು "ಬನ್ನಿ, ಕಾಫಿ ತಗೊಳ್ಳಿ" ಎನ್ನಲು ತೊಡಗಿದ ಮೊದಲ ಕೆಲವು ದಿನ ಅವರಿಗೂ ಮುಜುಗರವಾಗುತ್ತದೆ, ನಿಮಗೂ ನಾಲಗೆ ತೊಡರುತ್ತದೆ. ಮಗನಿಗೆ ಆ ದಿನಗಳಲ್ಲಿ ಏನನ್ನೂ ಹೇಳಬೇಡಿ. ನೀರು ಬೇಕೆಂದಾಗ ಲೋಟ ಎಲ್ಲಿದೆ ಎಂದು ತೋರಿಸಿ, ಅಷ್ಟೇ.